ತಾಯಿ ಅಂಚು

ಮಾರ್ಚ್ ೩, ಸೋಮವಾರ

ಇವತ್ತು ಡಾಕ್ಟರು ಹೇಳಿದ್ದನ್ನು ಎಲ್ಲಾದರೂ ಇಳಿಸದಿದ್ದರೆ ನನ್ನ ಎದೆ ಒಡೆದುಹೋಗುತ್ತದೆ. ಇವರ ಹತ್ತಿರ ಅಳುವ ಹಾಗಿಲ್ಲ, ಬೇರೆಯವರ ಹತ್ತಿರ ಬಾಯಿ ಬಿಡುವ ಹಾಗೇ ಇಲ್ಲ. ನಮ್ಮ ಮನೆಯಲ್ಲಿ ಕಾಗದಕ್ಕಂತೂ ಬರವಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಇವರ ಎರಡೂ ಕಣ್ಣಿನ ನಡುಭಾಗ ಸವೆದಿದೆಯಂತೆ. ಸುತ್ತಲಿನದು ಕಾಣುತ್ತದೆ, ನೇರ ಎದುರಿಗಿರುವುದು ಮಾಸಿಹೋಗುತ್ತದೆ. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದು ಎಷ್ಟು ಕಾಲ ಎಂದು ಹೇಳಲಾಗುವುದಿಲ್ಲ. "ಏನು ಕೆಲಸ ಮಾಡ್ತೀರಿ?" ಎಂದು ಡಾಕ್ಟರು ಕೇಳಿದರು. "ಕಾಗದ ಕತ್ತರಿಸ್ತೀನಿ" ಅಂದರು ಇವರು. ಡಾಕ್ಟರಿಗೆ ಮನೆಯ ಕತ್ತರಿ ನೆನಪಾಯಿತೋ ಏನೋ, "ಪರವಾಗಿಲ್ಲ, ನಿಧಾನಕ್ಕೆ ಮಾಡಿ" ಅಂದುಬಿಟ್ಟರು. ಅದು ಆಳೆತ್ತರದ ಯಂತ್ರ ಸ್ವಾಮಿ, ಅದರ ಅಲಗು ನಾನು ಎರಡು ತೋಳು ಚಾಚಿದಷ್ಟು ಉದ್ದ ಎಂದು ಹೇಳಹೊರಟೆ. ಇವರು ನನ್ನ ಕಾಲು ತುಳಿದರು.

ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ನೋಡುತ್ತಲೇ ಹೇಳಿದರು. "ಕಾರ್ಖಾನೆ ಯಜಮಾನರಿಗೆ ಗೊತ್ತಾದ್ರೆ ನಾಳೆಯಿಂದ ನಾನು ಮನೇಲಿ. ಆ ಯಂತ್ರ ಬಿಟ್ರೆ ನನಗೆ ಬೇರೆ ಏನೂ ಬರಲ್ಲ ಕಣೇ. ಹೇಗೂ ಪಕ್ಕದಲ್ಲೇ ಕೆಲಸ ಮಾಡ್ತೀಯ, ಅಳತೆಯ ಅಂಕಿ ಮಾತ್ರ ನೀನು ನೋಡಿ ಹೇಳು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಮದುವೆಯಾದಾಗಿನಿಂದ ಇವರು ನನ್ನಲ್ಲಿ ಏನನ್ನೂ ಬೇಡಿದವರಲ್ಲ. ಉಪ್ಪು ಕಡಿಮೆಯಾದರೂ ತಾವೇ ಎದ್ದು ಹಾಕಿಕೊಳ್ಳುವ ಜನ. ಹೂಂ ಅಂದೆ.

ಮಾರ್ಚ್ ೫, ಬುಧವಾರ

ಎಷ್ಟೋ ವರ್ಷದಿಂದ ಮಾಡುತ್ತಿರುವ ಕೆಲಸವನ್ನು ಇವತ್ತು ಹೊಸದಾಗಿ ಸೇರಿದವಳ ಹಾಗೆ ದಿಟ್ಟಿಸಿ ನೋಡಿದೆ. ಎಲ್ಲೆಲ್ಲಿ ಕಣ್ಣು ಬೇಕು, ಎಲ್ಲೆಲ್ಲಿ ಬೇಡ ಎಂದು.

ರಸ್ತೆ ಬದಿಯ ಶೆಡ್ಡಿನಲ್ಲಿ ಕಣ್ಣೂ ಬೇಕು, ಕಿವಿಗೆ ಹತ್ತಿಯೂ ಬೇಕು. ನನ್ನ ಎದೆಮಟ್ಟದ ಕಾಗದದ ರೋಲುಗಳು ಬಂದಿಳಿಯುವುದು ಅಲ್ಲೇ. ಅವನ್ನು ಬಿಚ್ಚಿ, ಉದ್ದಕ್ಕೆ ಸೀಳಿ, ಅಡ್ಡಕ್ಕೆ ತುಂಡರಿಸಿ ದೊಡ್ಡ ಹಾಳೆ ಮಾಡುವವನು ರೋಲಣ್ಣ. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಆ ಹಾಳೆಗಳು ನಮ್ಮ ಕೋಣೆಗೆ ಬರುತ್ತವೆ, ಗಿರಾಕಿ ಕೇಳಿದ ಅಳತೆಗೆ ತರುವುದು ನಮ್ಮ ಪಾಲು. ನಾನು ತಟ್ಟುವವಳು. ಹಾಳೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ, ನಡುವೆ ಗಾಳಿ ಆಡಿಸಿ, ಮೇಜಿನ ಮೇಲೆ ತಟ್ಟಿ ತಟ್ಟಿ ಅಂಚು ಸಮ ಮಾಡಿ ಕಟ್ಟು ಕೊಡುತ್ತೇನೆ. ಇವರು ಅದನ್ನು ಯಂತ್ರದ ಹಿಂದಿನ ತಡೆಗೆ ಒತ್ತಿ ಕೂರಿಸಿ, ಚಕ್ರ ತಿರುಗಿಸಿ ಅಳತೆಗೆ ತಂದು, ಕತ್ತರಿಸುತ್ತಾರೆ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸುವುದಿಲ್ಲವೆಂದು ರೋಲಣ್ಣ ಆ ಯಂತ್ರಕ್ಕೆ ಅತ್ತೆಮ್ಮ ಎಂದು ಹೆಸರಿಟ್ಟಿದ್ದಾನೆ.

ಇವರ ಬೆರಳುಗಳ ಬಗ್ಗೆ ನನಗೆ ಭಯವಿಲ್ಲ. ಎರಡು ಗುಂಡಿಗಳನ್ನು ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯುತ್ತದೆ. ಭಯವಿರುವುದು ಚಕ್ರದ ಪಕ್ಕದ ಪುಟ್ಟ ಗಾಜಿನೊಳಗಿನ ಅಂಕಿಗಳ ಬಗ್ಗೆ. ಇರುವೆಯಷ್ಟಿವೆ ಹಾಳಾದವು.

ಪಿಸುಗುಟ್ಟಿದರೆ ಯಂತ್ರದ ಸದ್ದಿನಲ್ಲಿ ಇವರಿಗೆ ಕೇಳುವುದಿಲ್ಲ, ಕೂಗಿದರೆ ಕಾರ್ಖಾನೆಗೆಲ್ಲ ಕೇಳುತ್ತದೆ. ಕೊನೆಗೆ ಹಿಂದೆ ನಿಂತು ಇವರ ಬೆನ್ನ ಮೇಲೆ ಬೆರಳಿನಿಂದ ಅಂಕಿ ಬರೆದೆ. ತಕ್ಷಣ ಅರ್ಥವಾಯಿತು. ಇವರು ಕತ್ತರಿಸಿದರು, ಅಳತೆ ಕರಾರುವಾಕ್ಕಾಗಿ ಬಂತು. ಮಧ್ಯಾಹ್ನ ರೋಲಣ್ಣ ಬಾಗಿಲಲ್ಲಿ ನಿಂತು, "ಏನ್ ಅತ್ತಿಗೆ, ಈ ವಯಸ್ಸಲ್ಲಿ ಅಣ್ಣನ ಬೆನ್ನು ಸವರ್ತಾ ಇದ್ದೀರಾ?" ಅಂದ. "ನಿನಗ್ಯಾಕೋ ಹೊಟ್ಟೆಕಿಚ್ಚು?" ಅಂದೆ. ನಗುತ್ತಾ ಹೋದ. ಅವನು ಹೋದ ಮೇಲೆ ಬಾಗಿಲು ಮುಂದಕ್ಕೆ ಹಾಕಿ ಬಂದೆ.

ಮಾರ್ಚ್ ೧೩, ಗುರುವಾರ

ಇವತ್ತು ಬೈಸಿಕೊಂಡೆ. ಕಟ್ಟನ್ನು ತಿರುಗುಮುರುಗು ಕೊಟ್ಟಿದ್ದೆ.

"ತಾಯಿ ಅಂಚು ಯಾವುದು ಅಂತ ನೋಡಿದ್ಯಾ?" ಎಂದು ಗದರಿದರು. ಕಾಗದ ಮುದ್ರಣಕ್ಕೆ ಹೋಗುವ ಮೊದಲು ಅದರ ಒಂದು ಅಂಚನ್ನು ನಾವೇ ನೇರ ಮಾಡಿ, ಕಟ್ಟಿನ ಆ ಪಕ್ಕಕ್ಕೆ ನೀಲಿ ಪೆನ್ಸಿಲಿನ ಗೆರೆ ಎಳೆದು ಕಳಿಸುತ್ತೇವೆ. ಅದೇ ತಾಯಿ ಅಂಚು. ಮುದ್ರಣದವರು ಅಲ್ಲಿಂದ ಅಳೆದು ಚಿತ್ರ ಕೂರಿಸುತ್ತಾರೆ. ಹಾಳೆ ವಾಪಸು ಬಂದಾಗ ನಾವೂ ಅಲ್ಲಿಂದಲೇ ಅಳೆದು ಕತ್ತರಿಸಬೇಕು. ಎದುರಿನ ಅಂಚಿನಿಂದ ಅಳೆದರೆ ಅಂಕಿ ಸರಿಯಿದ್ದರೂ ಕತ್ತರಿಸುವುದು ತಪ್ಪು ಜಾಗದಲ್ಲಿ.

ಇವರಿಗೆ ಈಗ ಆ ಗೆರೆ ಕಾಣುವುದಿಲ್ಲ. ಹೆಬ್ಬೆರಳಿನಿಂದ ಸವರಿ ಕಂಡುಹಿಡಿಯುತ್ತಾರೆ. ತಾಯಿ ಅಂಚು ನುಣುಪು, ರೋಲಣ್ಣನ ಯಂತ್ರದಿಂದ ಬಂದ ಅಂಚು ಸ್ವಲ್ಪ ದೊರಗು. ನನ್ನ ಹೆಬ್ಬೆರಳನ್ನೂ ಹಿಡಿದು ಎರಡರ ಮೇಲೂ ಎಳೆದು ತೋರಿಸಿದರು. ನನಗೆ ಎರಡೂ ಒಂದೇ ಅನ್ನಿಸಿತು. ಗೊತ್ತಾಯಿತು ಅಂದೆ.

ಏಪ್ರಿಲ್ ೭, ಸೋಮವಾರ

ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಇವರು ಬಾಗಿಲಲ್ಲಿ ನಿಂತು ಕೋಳಿಯ ಹಾಗೆ ತಲೆ ಓರೆ ಮಾಡಿ ನೋಡುತ್ತಿದ್ದರು. ಏನು ಅಂದೆ. "ನೇರ ನೋಡಿದ್ರೆ ನಿನ್ನ ಮುಖ ಇಲ್ಲ. ಕಿವಿ ನೋಡಿದ್ರೆ ಮುಖ ಸ್ವಲ್ಪ ಸಿಗುತ್ತೆ" ಅಂದರು.

"ಸದ್ಯ, ಸುಕ್ಕು ಕಾಣಲ್ಲವಲ್ಲ" ಎಂದು ತಮಾಷೆ ಮಾಡಿದೆ. ಇವರೂ ನಕ್ಕರು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನನ್ನ ಮುಖವೇನು ಅಂಥ ಚೆಂದವಿಲ್ಲ. ಆದರೆ ಅದನ್ನು ನೋಡಲು ಇದ್ದವರು ಇವರೊಬ್ಬರೇ.

ಏಪ್ರಿಲ್ ೨೪, ಗುರುವಾರ

ಹೊಸ ಏರ್ಪಾಟು ಮಾಡಿದ್ದೇವೆ. ಬೆನ್ನ ಮೇಲೆ ಬರೆದು, ಇವರು ಚಕ್ರ ತಿರುಗಿಸಿ, ನಾನು ಮತ್ತೆ ನೋಡಿ, ಒಂದು ಕೂದಲು ಹಿಂದೆ ಎಂದು ಮತ್ತೆ ಬರೆದು... ಅಷ್ಟರಲ್ಲಿ ನಾನೇ ತಿರುಗಿಸಿಬಿಡಬಹುದು. ಹಾಗಾಗಿ ಈಗ ಚಕ್ರ ನನ್ನದು, ಗುಂಡಿ ಇವರದು. ಗಾಜಿನ ಕೋಣೆಯಲ್ಲಿ ಯಜಮಾನರ ತಲೆ ಕಂಡರೆ ನಾನು ಒಂದು ಹೆಜ್ಜೆ ಸರಿದು ಸೆರಗಿನಿಂದ ಮೇಜು ಒರೆಸುತ್ತೇನೆ. ಆ ಮೇಜು ಇಷ್ಟು ವರ್ಷದಲ್ಲಿ ಇಷ್ಟು ಹೊಳೆದದ್ದಿಲ್ಲ.

ಇವತ್ತು ಕಾರ್ಡು ಹಾಳೆ, ತೀರಾ ಗಡಸು. ಬೇಗ ಬೇಗ ಕತ್ತರಿಸಿದೆವು. ಅಲಗು ಇಳಿಯುವಾಗ ಬರುವ ಆ ಸಣ್ಣ ಗುಡುಗಿನಂಥ ಸದ್ದು ಪಾದದ ಮೂಲಕ ಮೈಗೆ ಹತ್ತುತ್ತದೆ. ತಟ್ಟುವ ಮೇಜಿನ ಹತ್ತಿರ ಅದು ತಿಳಿಯುವುದೇ ಇಲ್ಲ.

ಮೇ ೯, ಶುಕ್ರವಾರ

ಬಹಳ ಕೆಲಸ. ಔಷಧಿ ಕಂಪನಿಯ ಚೀಟಿ, ಅಂಗೈಗಿಂತ ಚಿಕ್ಕದು. ಬೆಳಿಗ್ಗೆಯಿಂದ ಸಂಜೆಯವರೆಗೆ ಕತ್ತರಿಸಿದೆ. ಒಂದೂ ಹೆಚ್ಚುಕಡಿಮೆಯಾಗಲಿಲ್ಲ.

ಗುಂಡಿಯೂ ಈಗ ನನ್ನ ಕೈಯಲ್ಲೇ, ತಟ್ಟುವುದು ಇವರು. ಬಹಳ ನಿಧಾನ. ಹಾಳೆ ಬಿಡಿಸುತ್ತಾರೆ, ಮೂಸುತ್ತಾರೆ, ಬಾಗಿಸಿ ಕಿವಿಯ ಹತ್ತಿರ ಹಿಡಿದು ಸದ್ದು ಕೇಳುತ್ತಾರೆ. "ಈ ಕಾಗದ ಇನ್ನೂ ಕೋಣೆಯ ಹವೆಗೆ ಒಗ್ಗಿಲ್ಲ, ನಾಳೆ ಕತ್ತರಿಸೋಣ" ಅನ್ನುತ್ತಾರೆ. ನಾಳೆಗೆ ಕಾಯುತ್ತಾ ಕೂತರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ. "ಸರಿಯಾಗಿ ತಟ್ಟಿ ಕೊಡಿ ಸಾಕು" ಅಂದೆ. ಆಮೇಲೆ ಯಾಕೋ ಬಸ್ಸಿನಲ್ಲಿ ಇವರು ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಇವರಿಗೆ ಸುಸ್ತಾಗಿರಬೇಕು.

ಮೇ ೨೦, ಮಂಗಳವಾರ

ಬರೆಯುವುದು ಬೇಡ ಅನ್ನಿಸುತ್ತಿದೆ. ಆದರೂ ಬರೆಯುತ್ತೇನೆ.

ಮಕ್ಕಳ ಚಿತ್ರಪುಸ್ತಕದ ಹಾಳೆಗಳು ಮುದ್ರಣವಾಗಿ ವಾಪಸು ಬಂದಿದ್ದವು. ಆನೆ, ಜಿರಾಫೆ, ಮೊಲ. ಸಂಜೆಯೊಳಗೆ ಹೊಲಿಗೆಗೆ ಹೋಗಬೇಕು ಎಂದು ಯಜಮಾನರು ಎರಡು ಸಲ ಬಂದು ಹೇಳಿದ್ದರು. ಮೊದಲ ಕಟ್ಟು ಯಂತ್ರಕ್ಕೆ ಒಡ್ಡಿದಾಗ ಇವರು, "ತಡಿ, ಒಂದ್ಸಲ ಅಂಚು ಮುಟ್ತೀನಿ" ಎಂದು ಕೈ ಚಾಚಿದರು. "ನಾನು ನೋಡಿದೀನಿ ರೀ, ನೀವು ಮುಂದಿನದು ತಟ್ಟಿ" ಅಂದೆ. ಇವರು ಕೈ ಹಿಂದಕ್ಕೆ ತೆಗೆದುಕೊಂಡರು.

ನಾನು ನೋಡಿರಲಿಲ್ಲ. ನೋಡಿದ್ದು ಅಂಕಿಯನ್ನು ಮಾತ್ರ. ನೀಲಿ ಗೆರೆ ಹಿಂದಿನ ತಡೆಗೆ ತಾಗಿರಬೇಕಿತ್ತು, ಅದು ನನ್ನ ಹೊಟ್ಟೆಯ ಕಡೆಗೇ ಇತ್ತು. ಕಟ್ಟಿನ ಮೇಲೆ ಕಟ್ಟು ಹಾಗೇ ಒಡ್ಡಿದೆ. ಊಟದ ಹೊತ್ತಿಗೆ ಎಲ್ಲ ಮುಗಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಇವತ್ತು ಬೇಗ ಆಯಿತು ಎಂದು ಖುಷಿಪಟ್ಟೆ. ರೋಲಣ್ಣ ಬಂದು ಒಂದು ಹಾಳೆ ಎತ್ತಿ ನೋಡಿದ. ಯಾವತ್ತೂ ನಗುವವನು ನಗಲಿಲ್ಲ. ಆನೆಗೆ ನೆತ್ತಿಯಿರಲಿಲ್ಲ. ಜಿರಾಫೆಯ ಪಾದದ ಕೆಳಗೆ ಅಗಲವಾದ ಬಿಳಿ ಜಾಗ, ಮೇಲೆ ತಲೆಯೇ ಇಲ್ಲ. ಎಲ್ಲ ಹಾಳೆಗಳೂ ಹಾಗೇ. ಬರೀ ಕಾಗದವಾಗಿದ್ದರೆ ಬೇರೆ ಕಾಗದ ತೆಗೆದು ಕತ್ತರಿಸಬಹುದಿತ್ತು. ಇದನ್ನು ಪೂರ್ತಿ ಮತ್ತೆ ಮುದ್ರಿಸಬೇಕು.

ಯಜಮಾನರು ಬಂದರು. ಅವರು ಕೂಗುವ ಮನುಷ್ಯರಲ್ಲ, ಅದೇ ಕಷ್ಟ. ಹಾಳೆಯನ್ನು ಹಿಡಿದು, "ಇದನ್ನ ಕತ್ತರಿಸಿದ್ದು ಯಾರು?" ಎಂದು ಮೆಲ್ಲಗೆ ಕೇಳಿದರು.

ಇವರು ತಟ್ಟುವ ಮೇಜು ಬಿಟ್ಟು ಮುಂದೆ ಬಂದರು. "ನಾನು" ಅಂದರು. "ತಾಯಿ ಅಂಚು ತಪ್ಪಿದೆ. ಗೆರೆ ಕಾಣಲಿಲ್ಲ. ನನಗೆ ಕಣ್ಣು ಕಾಣ್ತಿಲ್ಲ ಯಜಮಾನರೇ, ಮಾರ್ಚಿನಿಂದಲೂ ಕಾಣ್ತಿಲ್ಲ. ಅಂಕಿ ಎಲ್ಲ ಇವಳೇ ಓದಿ ಹೇಳ್ತಿದ್ಲು. ಇವತ್ತು ಇವಳ ಮಾತು ಕೇಳದೆ ನಾನೇ ಕತ್ತರಿಸಿದೆ. ಯಂತ್ರ ಇವಳಿಗೆ ಕೊಡಿ. ನನಗಿಂತ ಚೆನ್ನಾಗಿ ಮಾಡ್ತಾಳೆ."

ಎಲ್ಲರೂ ಇವರ ಕಣ್ಣನ್ನು ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

ಮೇ ೨೧, ಬುಧವಾರ

ಯಂತ್ರ ನನಗೆ ಕೊಟ್ಟರು. ಇವರು ಮನೆಯಲ್ಲಿದ್ದಾರೆ.

ಮೇ ೨೩, ಶುಕ್ರವಾರ

ಎರಡು ದಿನದಿಂದ ಇದೊಂದೇ ಯೋಚನೆ. ನಿಜ ಹೇಳಿಬಿಟ್ಟಿದ್ದರೆ? ಇಬ್ಬರನ್ನೂ ಕಳಿಸುತ್ತಿದ್ದರು. ಇಬ್ಬರಲ್ಲಿ ಒಬ್ಬರಾದರೂ ಉಳಿಯಬೇಕಲ್ಲ. ಇವರೂ ಹಾಗೇ ಲೆಕ್ಕ ಹಾಕಿದ್ದಾರೆ, ಇವರು ದಡ್ಡರಲ್ಲ. ಅಷ್ಟಕ್ಕೂ ಕಣ್ಣಿನ ವಿಷಯ ಇವತ್ತಲ್ಲ ನಾಳೆ ಗೊತ್ತಾಗಲೇಬೇಕಿತ್ತು.

ಊಟ ಬಡಿಸುವಾಗ, "ನೀವು ಹಾಗೆ ಹೇಳಬಾರದಿತ್ತು" ಅಂದೆ. "ಯಾವುದು?" ಅಂದರು. ಸಾರು ಹಾಕಿದೆ.

ಜೂನ್ ೨, ಸೋಮವಾರ

ತಟ್ಟಲು ಹೊಸ ಹೆಂಗಸು ಬಂದಿದ್ದಾಳೆ. ಒಳ್ಳೆಯವಳು, ಆದರೆ ಕೈಗಿಂತ ಬಾಯಿ ಮುಂದು. ಅವಳು ಕೊಟ್ಟ ಕಟ್ಟು ಕುಡಿದವನ ನಡಿಗೆಯ ಹಾಗೆ ಇರುತ್ತದೆ. ನಾನೇ ಮತ್ತೆ ತಟ್ಟಿಕೊಳ್ಳಬೇಕು. ಆದರೂ ಕೋಣೆಯಲ್ಲಿ ಒಂದು ಥರ ಸಲೀಸು. ಯಾವ ಕಟ್ಟು ಮೊದಲು, ಯಾವುದು ಆಮೇಲೆ ಎಂದು ಯಾರಿಗೂ ಹೇಳಬೇಕಿಲ್ಲ. ಪ್ರತಿ ಕಟ್ಟಿನ ಗೆರೆಯನ್ನೂ ಈಗ ಎರಡೆರಡು ಸಲ ನೋಡುತ್ತೇನೆ.

ಮನೆಗೆ ಬಂದಾಗ ಇವರು ಬಾಗಿಲು ತೆಗೆದುಕೊಂಡು ನಿಂತಿದ್ದರು. ಮೆಟ್ಟಿಲ ತಿರುವಿನಲ್ಲೇ ನನ್ನ ಚಪ್ಪಲಿಯ ಸದ್ದು ಗೊತ್ತಾಗುತ್ತದಂತೆ. "ಇವತ್ತು ಏನು ಬಂದಿತ್ತು? ನಯದ್ದಾ, ಒರಟಾ? ಅಲಗು ಮೊಂಡಾಗಿರಬೇಕು ಈಗ, ಸದ್ದು ಹೇಗಿದೆ?" ಎಂದು ಶುರುಮಾಡಿದರು. ಕಾಲು ತೊಳೆಯುವುದಕ್ಕಾದರೂ ಬಿಡಿ ಅಂದೆ.

ಜೂನ್ ೧೦, ಮಂಗಳವಾರ

ಯಜಮಾನರು ಇವತ್ತು ನನ್ನನ್ನು ಕರೆದು ಹೇಳಿದರು. "ಈ ಹೆಂಗಸಿನ ಕೈಲಿ ಆಗಲ್ಲ. ನಿಮ್ಮವರು ತಟ್ಟೋದಕ್ಕೆ ಬರ್ತಾರಾ ಕೇಳಿ. ಅದಕ್ಕೆ ಕಣ್ಣು ಬೇಕಾಗಿಲ್ವಲ್ಲ. ಅವರ ಕೈಯಂಥ ಕೈ ನಮಗೆ ಎಲ್ಲಿ ಸಿಗುತ್ತೆ?"

ಎಷ್ಟು ಒಳ್ಳೆಯ ಮಾತು. ಕೇಳುತ್ತೇನೆ ಅಂದೆ.

ಸಂಜೆ ಇವರಿಗೆ ತಲೆನೋವಿತ್ತು. ನಾಳೆ ಹೇಳೋಣ.

ಜೂನ್ ೧೨, ಗುರುವಾರ

ಮನೆಗೆ ಬಂದರೆ ಹಳೆಯ ಪತ್ರಿಕೆಗಳನ್ನೆಲ್ಲ ಇಳಿಸಿಕೊಂಡು ನೆಲದ ಮೇಲೆ ಕೂತಿದ್ದರು. ಎಲ್ಲವನ್ನೂ ಬಿಡಿಸಿ, ಗಾಳಿ ಆಡಿಸಿ, ತಟ್ಟಿ, ಗೋಡೆಗೆ ಸಾಲಾಗಿ ಜೋಡಿಸಿದ್ದರು. ಒಂದು ಹಾಳೆಯ ಮೂಲೆಯೂ ಹೊರಗೆ ಇಣುಕಿರಲಿಲ್ಲ. ಅಂಗೈಯೆಲ್ಲ ಮಸಿ. "ಹೊತ್ತು ಹೋಗಲಿಲ್ಲ" ಅಂದರು, ತಪ್ಪು ಮಾಡಿದವರ ಹಾಗೆ.

ಆಗಲೇ ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ಆದರೆ ಇವರು ಬಂದರೆ ಪಕ್ಕದಲ್ಲೇ ನಿಲ್ಲುತ್ತಾರೆ. ನಾನು ಚಕ್ರ ತಿರುಗಿಸುವ ಸದ್ದು ಕೇಳುತ್ತಾರೆ, ಅಲಗಿನ ಸದ್ದು ಕೇಳುತ್ತಾರೆ, ಏನೂ ಅನ್ನುವುದಿಲ್ಲ. ಆ ಏನೂ ಅನ್ನದಿರುವುದನ್ನು ದಿನವೆಲ್ಲ ಹೊತ್ತುಕೊಂಡು ನಾನು ಹೇಗೆ ಕತ್ತರಿಸಲಿ? ಅದೂ ಅಲ್ಲದೆ ಬಸ್ಸು ಹತ್ತಿ ಇಳಿಯುವುದು ಇವರಿಗೆ ಕಷ್ಟ. ಇನ್ನೆರಡು ದಿನ ನೋಡಿ ಹೇಳುತ್ತೇನೆ.

ಸೋಪು ಹಾಕಿ ಇವರ ಕೈ ತೊಳೆದೆ. ಮಸಿ ಪೂರ್ತಿ ಹೋಗಲಿಲ್ಲ.

ಜೂನ್ ೧೫, ಭಾನುವಾರ

ಬೆಳಿಗ್ಗೆ ರೋಲಣ್ಣ ಬಂದಿದ್ದ. ಬಾಳೆಹಣ್ಣು ತಂದಿದ್ದ. ಇವರಿಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನಿಂತು, ಅವನ ಕಿವಿಯ ಕಡೆ ನೋಡಿ, "ಹಾಗೇ ಇದ್ದೀಯಲ್ಲೋ, ಒಂದು ರೋಲೂ ಕರಗಿಲ್ಲ" ಎಂದು ಅವನ ಹೊಟ್ಟೆ ತಟ್ಟಿದರು. ನಾನು ಚಹಾ ಮಾಡಿದೆ. ಅತ್ತೆಮ್ಮನ ಸುದ್ದಿ, ಹೊಸ ಹೆಂಗಸಿನ ಸುದ್ದಿ ಎಲ್ಲ ಆಯಿತು. ಈ ಮನೆಯಲ್ಲಿ ಯಾರಾದರೂ ಹೊಟ್ಟೆ ತುಂಬ ನಕ್ಕು ಎಷ್ಟೋ ದಿನವಾಗಿತ್ತು.

ಹೊರಡುವಾಗ ಚಪ್ಪಲಿ ಹುಡುಕುತ್ತಾ ಕೇಳಿದ. "ಅಲ್ಲಣ್ಣ, ಯಜಮಾನರು ಕರೆದು ಇಷ್ಟು ದಿನ ಆಯ್ತು, ಯಾಕೆ ಬರ್ತಿಲ್ಲ? ಬರೀ ತಟ್ಟೋ ಕೆಲಸ ಅಂತ ಬೇಜಾರಾ?"

ನಾನು ಲೋಟಗಳನ್ನು ಎತ್ತುತ್ತಿದ್ದವಳು ಹಾಗೇ ನಿಂತೆ. ಇವರ ಮುಖ ಅವನ ಕಡೆಯಿಂದ ಮೆಲ್ಲಗೆ ನನ್ನ ಕಡೆ ತಿರುಗಿತು. ನೇರವಾಗಿ ನನ್ನನ್ನೇ ನೋಡಿದರು, ಅಂದರೆ ನಾನು ಕಾಣದ ಹಾಗೆ ನೋಡಿದರು. ಒಂದು ಕ್ಷಣವೂ ಆಗಿರಲಿಕ್ಕಿಲ್ಲ.

"ಇವಳು ಅವತ್ತೇ ಹೇಳಿದ್ಲು ಕಣೋ" ಅಂದರು. "ನಾನೇ ಬೇಡ ಅಂದೆ. ಯಜಮಾನರಿಗೆ ಹೇಳು, ತಪ್ಪು ತಿಳ್ಕೋಬೇಡಿ ಅಂತ. ದಿನಾ ಬಸ್ಸಲ್ಲಿ ಓಡಾಡೋದು ನನ್ನ ಕೈಲಿ ಆಗಲ್ಲ."

ರೋಲಣ್ಣ ಏನೇನೋ ಸಮಾಧಾನ ಹೇಳಿ ಮೆಟ್ಟಿಲಿಳಿದು ಹೋದ. ನಾನು ಇವರ ಕಾಲ ಹತ್ತಿರ ನೆಲದ ಮೇಲೆ ಕೂತೆ. "ಹೇಳಬೇಕು ಅಂತಲೇ ಇದ್ದೆ. ಅವತ್ತು ನಿಮಗೆ ತಲೆನೋವಿತ್ತು" ಅಂದೆ. ಆಮೇಲೆ, "ನಾಳೆ ಬನ್ನಿ. ಒಟ್ಟಿಗೇ ಹೋಗೋಣ. ನಾನೇ ಕೈ ಹಿಡಿದು ಹತ್ತಿಸ್ತೀನಿ" ಅಂದೆ. ಆ ಹೊತ್ತಿಗೆ ನಿಜವಾಗಿಯೂ ಇವರು ಬರಲಿ ಎಂದೇ ಹೇಳಿದ್ದೆ. ಇದನ್ನು ಯಾರೂ ಓದುವುದಿಲ್ಲ, ಸುಳ್ಳು ಬರೆದು ಆಗಬೇಕಾದ್ದೇನು?

ಇವರು ನನ್ನ ತಲೆಯ ಮೇಲೆ ಕೈ ಇಟ್ಟರು.

"ಬೇಡ ಕಣೇ."

"ನನ್ನ ಮೇಲೆ ಸಿಟ್ಟಾ?"

"ಸಿಟ್ಟೇನೂ ಇಲ್ಲ. ಬೇಡ ಅಂದೆ ಅಂತ ನಾನು ಅವನಿಗೆ ಹೇಳಿದೆನಲ್ಲ, ಆಗ ನೀನು ಸದ್ಯ ಅನ್ನೋ ಹಾಗೆ ಉಸಿರು ಬಿಟ್ಟೆ. ನನಗೆ ಕೇಳಿಸ್ತು."

ಅದು ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಇವರು ಸುಮ್ಮನೆ ಕಾದರು. ಕೊನೆಗೆ ಇವರೇ, "ಚಹಾ ಇನ್ನೂ ಇದ್ರೆ ಸ್ವಲ್ಪ ಬಿಸಿ ಮಾಡು" ಅಂದರು. ಎದ್ದು ಹೋಗಿ ಬಿಸಿ ಮಾಡಿದೆ.